ಬಾಯೊಳಗಿನ ಬೇಳೆ

ದವಡೆ ತಿದ್ದುವ ನೀಲಿ ಪ್ಲೇಟು ಬಾಯೊಳಗೆ ಕೂರುತ್ತಿರಲಿಲ್ಲ. ಎಡಗಡೆಯ ಕೊಂಡಿ ದವಡೆ ಹಲ್ಲನ್ನು ಹಿಡಿದರೆ ಬಲಗಡೆಯದು ಮೇಲೇಳುತ್ತಿತ್ತು. ಬಲಗಡೆಯದನ್ನು ಹೆಬ್ಬೆರಳಿನಿಂದ ಒತ್ತಿದರೆ ಎಡಗಡೆಯದು ಒಸಡಿಗೆ ಚುಚ್ಚುತ್ತಿತ್ತು. ಸೈಮಿ ಅದನ್ನು ಕಚ್ಚಿ ಹಿಡಿದು ಕೂತಿದ್ದಳು. ಕಚ್ಚಿ ಹಿಡಿದಷ್ಟು ಹೊತ್ತು ಅದು ತನ್ನ ಜಾಗದಲ್ಲೇ ಇದ್ದಂತೆ ತೋರುತ್ತದೆ; ಬಾಯಿ ತೆರೆದರೆ ಮುಗಿಯಿತು. ಆರೋಗ್ಯ ಕೇಂದ್ರದ ಎರಡನೇ ಮಹಡಿಯಲ್ಲಿ ಹಲ್ಲಿನ ವಿಭಾಗ. ಬೂಟಿನ ಮೇಲೆ ಎಳೆದುಕೊಂಡ ನೀಲಿ ಪ್ಲಾಸ್ಟಿಕ್ ಚೀಲಗಳು ಅವಳು ಕಾಲು ಅಲುಗಿಸಿದಾಗಲೆಲ್ಲ ಸರಸರ ಎನ್ನುತ್ತಿದ್ದವು. ಆ ಸದ್ದಿಗೆ ಎದುರಿನ ಗೋಡೆಯ ಮೀನಿನ ತೊಟ್ಟಿಯಲ್ಲಿದ್ದ ಒಂದೇ ಒಂದು ದಪ್ಪ ಮೀನು ತನ್ನತ್ತ ತಿರುಗಿ ಬಾಯಿ ತೆರೆದು ಮುಚ್ಚುತ್ತಿದೆ ಎಂದು ಅವಳಿಗೆ ಅನ್ನಿಸಿತು. ಗಡಿಯಾರದಲ್ಲಿ ಒಂದು ಗಂಟೆ ಐದು ನಿಮಿಷ. ಹೆಸರು ಕರೆಯುವುದು ಒಂದೂ ಕಾಲಿಗೆ. ಹತ್ತು ನಿಮಿಷ ಕಚ್ಚಿ ಹಿಡಿಯಬಹುದು. ಹತ್ತು ನಿಮಿಷದ ಆಚೆಗೆ ಏನು ಮಾಡುವುದೆಂದು ಶನಿವಾರದಿಂದ ಯೋಚಿಸುತ್ತಿದ್ದರೂ ಆಚೆಗಿನದು ಒಂದು ಬಿಳಿ ಗೋಡೆಯ ಹಾಗೆ ಸುಮ್ಮನೆ ನಿಂತಿತ್ತು.

ಅಮ್ಮ ಪಕ್ಕದಲ್ಲೇ ಇದ್ದಳು. ಆಸ್ಪತ್ರೆಯ ಲ್ಯಾಬಿನಿಂದ ನೇರವಾಗಿ ಬಂದಿದ್ದಳು. ರಕ್ತದ ಕೊಳವೆಗಳಿಗೆ ದಿನವಿಡೀ ಚೀಟಿ ಅಂಟಿಸಿ ಅವಳ ಹೆಬ್ಬೆರಳ ತುದಿ ಒರಟಾಗಿಬಿಟ್ಟಿದೆ. ಮನೆಯಲ್ಲೂ ಅವಳು ಎಲ್ಲಕ್ಕೂ ಚೀಟಿ ಅಂಟಿಸುತ್ತಾಳೆ. ಜಾಮಿನ ಸೀಸೆಯ ಮೇಲೆ ಹಣ್ಣು ಆರಿಸಿದ ದಿನ, ಕುದಿಸಿದ ದಿನ, ಮುಚ್ಚಳ ತೆಗೆದ ದಿನ. ಒಮ್ಮೆ ಬಾಯಿ ತೆಗಿ, ನೋಡೋಣ ಎಂದು ಅವಳು ಬಗ್ಗಿ ಕೇಳಿದಾಗ ಸೈಮಿ ತಲೆಯಾಡಿಸಿ, ಡಾಕ್ಟರು ನೋಡುತ್ತಾರೆ ಎನ್ನುವಂತೆ ಬಾಗಿಲಿನತ್ತ ಕೈ ತೋರಿಸಿದಳು. ಭಯವೇ ಎಂದು ಅಮ್ಮ ಕೇಳಿದಳು. ದಿನಕ್ಕೆ ಹದಿನೈದು ಗಂಟೆ ಹಾಕಿಕೊಂಡವರಿಗೆ ಏನು ಭಯ ಎಂದೂ ಸೇರಿಸಿದಳು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ವ್ಯಂಗ್ಯ ಇಲ್ಲದ್ದರಿಂದಲೇ ಸೈಮಿಗೆ ಹೆಚ್ಚು ಹೆದರಿಕೆಯಾಯಿತು. ಮೂಗಿನಲ್ಲೇ ಹ್ಞೂಂ ಎಂದಳು.

ಗುರುವಾರದವರೆಗೆ ಇಷ್ಟು ಭಯವಿರಲಿಲ್ಲ. ಗುರುವಾರವೆಂದರೆ ಶಾಲೆಯ ಊಟಕ್ಕೆ ಬಟಾಣಿ ಬೇಳೆಯ ಸೂಪು. ಅವಳು ಹುಟ್ಟುವ ಮೊದಲೂ ಹಾಗೇ ಇತ್ತಂತೆ, ಅವಳು ಸತ್ತ ಮೇಲೂ ಹಾಗೇ ಇರುತ್ತದೆ. ಎದುರಿಗೆ ಕೂತಿದ್ದ ನೀಲೋ ಎಂಬ ಹುಡುಗ ಸೂಪಿನಿಂದ ಒಂದು ಬೇಳೆಯನ್ನು ಚಮಚದ ಅಂಚಿಗೆ ತಂದು ಬೆಳಕಿಗೆ ಹಿಡಿದ. ಅವನ ಅಣ್ಣನಿಗೂ ಇಂಥದೇ ಪ್ಲೇಟು ಇತ್ತು.

"ನಿನ್ ಪ್ಲೇಟಲ್ಲಿ ಇಷ್ಟು ದಪ್ಪದ್ದು ಒಂದಿರುತ್ತೆ, ನೀಲಿ ಒಳಗೆ. ಅದು ಎಲ್ಲಾ ಬರ್ಕೊಳ್ಳುತ್ತೆ."

"ಏನ್ ಬರ್ಕೊಳ್ಳುತ್ತೆ?"

"ಶಾಖ. ಕಾಲು ಗಂಟೆಗೊಂದ್ಸಲ. ಬಾಯಲ್ಲಿದ್ರೆ ಮೂವತ್ತಾರು, ಡಬ್ಬೀಲಿದ್ರೆ ಇಪ್ಪತ್ತು. ಡಾಕ್ಟ್ರು ಮಷೀನ್ ಮೇಲೆ ಇಟ್ರೆ ಎಲ್ಲಾ ಕಕ್ಬಿಡುತ್ತೆ. ನಮ್ಮಣ್ಣ ಹಂಗೇ ಸಿಕ್ಕಾಕ್ಕೊಂಡಿದ್ದು." ಅಷ್ಟು ಹೇಳಿ ನೀಲೋ ಆ ಬೇಳೆಯನ್ನು ತಿಂದುಬಿಟ್ಟ.

ಸೈಮಿ ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡು ಡಬ್ಬಿ ತೆರೆದು ನೋಡಿದಳು. ಇತ್ತು. ಅಂಗುಳಿಗೆ ತಾಗುವ ಕಡೆ, ನೀಲಿಯ ಆಳದಲ್ಲಿ, ಒಂದು ಕಪ್ಪು ಚುಕ್ಕೆ. ಆರು ತಿಂಗಳಿಂದ ಅವಳು ಅದನ್ನು ಗಾಳಿಯ ಗುಳ್ಳೆ ಎಂದುಕೊಂಡಿದ್ದಳು. ಆಗಸ್ಟಿನಲ್ಲಿ ಡಾಕ್ಟರು ಅದರ ಬಗ್ಗೆ ಹೇಳಿರಬೇಕು, ತಾನು ಬಾಯಿ ಮುಕ್ಕಳಿಸುತ್ತಿದ್ದಾಗ. ನೀರಿನ ಸದ್ದಿನ ನಡುವೆ ಅಮ್ಮ ತಲೆಯಾಡಿಸುತ್ತಿದ್ದದ್ದು ಅವಳಿಗೆ ಈಗ ನೆನಪಾಯಿತು. ಹಾಗಾದರೆ ಅಮ್ಮನಿಗೆ ಗೊತ್ತಿತ್ತು. ಅಪ್ಪನ ಮನೆಯಲ್ಲಿ ಹಾಕಿಕೊಳ್ಳುತ್ತೀಯಾ ಎಂದು ಇಷ್ಟು ತಿಂಗಳಲ್ಲಿ ಅಮ್ಮ ಒಂದು ದಿನವೂ ಕೇಳಿರಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಜನವರಿಯಲ್ಲಿ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅವಳು ಅಪ್ಪನೊಂದಿಗೆ ಫೋನಿನಲ್ಲಿ ಮಾತಾಡಿದ್ದನ್ನು ಸೈಮಿ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದಳು. ದವಡೆ ಸಾಕಷ್ಟು ಮುಂದೆ ಬಂದಿಲ್ಲ ಯೌಕೊ, ಈಗ ಬೆಳೆಯದಿದ್ದರೆ ಹದಿನೆಂಟಕ್ಕೆ ಮೂಳೆ ಕೊಯ್ಯಬೇಕಾಗುತ್ತದೆ. ನಿನ್ನ ಮನೆಯಲ್ಲಿ ಏನು ನಡೆಯುತ್ತದೋ ಫೆಬ್ರವರಿಯಲ್ಲಿ ಅದೇ ಹೇಳುತ್ತದೆ. ಸರಿಯಿಲ್ಲದಿದ್ದರೆ ಈ ವಾರಕ್ಕೊಂದು ಮನೆಯ ಲೆಕ್ಕ ಸಾಕು, ಬರೀ ಭಾನುವಾರ ಬರಲಿ ನಿನ್ನ ಹತ್ತಿರ. 'ಅದೇ' ಎಂದರೆ ಯಾವುದು ಎಂದು ಸೈಮಿಗೆ ಆಗ ತಿಳಿದಿರಲಿಲ್ಲ. ಮೂಳೆ ಕೊಯ್ಯುವುದು ಹದಿನೆಂಟಕ್ಕೆ. ಅದು ದೂರ. ಭಾನುವಾರ ಮಾತ್ರ ಎನ್ನುವುದು ಅಷ್ಟು ದೂರವಿರಲಿಲ್ಲ. ಮತ್ತೆ ಪ್ಲೇಟನ್ನು ಡಬ್ಬಿಯಲ್ಲಿಟ್ಟು ಮುಚ್ಚುವಾಗ ಇನ್ನೊಂದು ಸಂಶಯ ಬಂತು, ಅದನ್ನು ನೀಲೋನ ಹತ್ತಿರ ಕೇಳುವ ಧೈರ್ಯವಾಗಲಿಲ್ಲ. ಶಾಖ ಬರೆದುಕೊಳ್ಳುವ ಬೇಳೆ ಮಾತನ್ನೂ ಬರೆದುಕೊಳ್ಳುತ್ತದೆಯೇ?

ಏಕೆಂದರೆ ಎಲ್ಲ ಶುರುವಾದದ್ದು ಒಂದು ಮಾತಿನಿಂದ. ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ. ಸೋಮವಾರ ಬೆಳಿಗ್ಗೆ ಒಂದು ಮನೆಯಿಂದ ಚೀಲ ಹೊತ್ತು ಶಾಲೆಗೆ ಹೊರಟರೆ ಸಂಜೆ ಇನ್ನೊಂದರ ಬೀಗ ತೆಗೆಯುವುದು. ತರಗತಿಯ ಅರ್ಧ ಮಕ್ಕಳದೂ ಹೀಗೇ. ಪ್ಲೇಟು ಬಂದ ಮೊದಲ ಸೋಮವಾರ ಅಪ್ಪನ ಅಡುಗೆಮನೆಯಲ್ಲಿ ಸುಟ್ಟ ಸಾಸೇಜು ಇತ್ತು. ಅವಳು ಸಾಸಿವೆ ಕೊಡು ಎಂದಳು. 'ಸ' ಬಂದ ಕಡೆಯಲ್ಲೆಲ್ಲ ಪ್ಲೇಟಿನ ಅಂಚಿನಿಂದ ಗಾಳಿ ಸೀಟಿ ಹೊಡೆಯಿತು, ಜೊಲ್ಲು ಹಾರಿತು. ಅಪ್ಪ ಫೋರ್ಕು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಕುಡಿದ ಹಂಸ ಮಾತಾಡಿದ ಹಾಗಿದೆ, ಇನ್ನೊಂದು ಸಲ ಹೇಳು ಎಂದ. ಅವಳು ಹೇಳಿದಳು. ಅವನು ಮತ್ತೆ ನಕ್ಕ. ಅದರಲ್ಲಿ ಕೆಡುಕು ಇರಲಿಲ್ಲ. ಬಸ್ಸು ಓಡಿಸಿ ದಣಿದು ಬಂದವನು, ಅವಳೊಂದಿಗೆ ನಗಬೇಕೆಂದೇ ನಕ್ಕದ್ದು. ಆಮೇಲೆ, ಅದನ್ನ ತೆಗೆದಿಡೇ, ನಂಗೆ ನನ್ನ ಮಗಳ ಹತ್ರ ಮಾತಾಡ್ಬೇಕು ಎಂದ. ಅವಳು ತೆಗೆದು ತೊಳೆದು ಡಬ್ಬಿಗೆ ಹಾಕಿ ಬಂದು ಸಾಸಿವೆ ಎಂದಳು, ಗಾಜಿನ ಹಾಗೆ ಸ್ಪಷ್ಟವಾಗಿ. "ಈಗ ನೋಡು, ನನ್ ಮಗಳು ವಾಪಸ್ ಬಂದ್ಲು," ಎಂದು ಅವನು ಅವಳ ತಲೆಗೂದಲನ್ನು ಕೆದರಿದ. ಅಂದಿನಿಂದ ಆ ಮನೆಯಲ್ಲಿ ಡಬ್ಬಿ ತೆರೆದದ್ದು ಅಮ್ಮನ ವಾರಕ್ಕೆ ಹೊರಡುವ ಸೋಮವಾರಗಳ ಬೆಳಿಗ್ಗೆ ಮಾತ್ರ. ಅವನು ಮತ್ತೆ ಹೇಳಬೇಕಾಗಿರಲಿಲ್ಲ.

ಆಗಸ್ಟಿನಿಂದ ಅಪ್ಪನ ವಾರಗಳು ಹದಿಮೂರು. ತೊಂಬತ್ತೊಂದು ದಿನ, ದಿನಕ್ಕೆ ಹದಿನೈದು ಗಂಟೆ. ಗುರುವಾರ ರಾತ್ರಿ ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುಣಿಸಿ ಬಂದ ಮೊತ್ತವನ್ನು ರಬ್ಬರಿನಿಂದ ಅಳಿಸಿದಳು. ಅಷ್ಟು ತುಂಬುವುದಕ್ಕೆ ಆಗುವುದಿಲ್ಲ, ಆದರೆ ಸ್ವಲ್ಪವಾದರೂ. ಬೇಳೆಗೆ ಗೊತ್ತಿರುವುದು ಶಾಖ ಒಂದೇ. ಮೂವತ್ತಾರು ಡಿಗ್ರಿಯಲ್ಲಿ ಎರಡು ಗಂಟೆ ಎಂದರೆ ಎಪ್ಪತ್ತೆರಡರಲ್ಲಿ ಒಂದು ಗಂಟೆ. ಅಪ್ಪನ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದು ಸೌನಾ, ಹಬೆಸ್ನಾನದ ಬಿಸಿ ಕೋಣೆ. ಶನಿವಾರ ಐದರಿಂದ ಆರು ಅವರ ಸರದಿ. ಸೈಮಿ ಪ್ಲೇಟನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ, ಅಪ್ಪ ಕಲ್ಲಿಗೆ ನೀರೆರಚುತ್ತ ಬೆನ್ನು ತಿರುಗಿಸಿದಾಗ, ಮೇಲಿನ ಹಲಗೆಯ ಮೂಲೆಯಲ್ಲಿ ಕೂರುವ ಬಟ್ಟೆಯ ಅಡಿಗೆ ಸೇರಿಸಿದಳು. ಹಬೆ ಕಿವಿಯ ತುದಿಯನ್ನು ಸುಟ್ಟಿತು. ಅವಳು ಒಳ್ಳೆಯ ಕೆಲಸ ಮಾಡುತ್ತಿರುವವರಂತೆ ಕಣ್ಣು ಮುಚ್ಚಿ ಕೂತಳು. ಅಪ್ಪ ಸ್ನಾನಕ್ಕೆ ಹೋದಾಗ ತೆಗೆದುಕೊಳ್ಳಬೇಕೆಂದಿದ್ದಳು. ಆದರೆ ಅವನು ಹೋದ ಹಿಂದೆಯೇ ಮತ್ತೆ ಬಾಗಿಲು ತೆರೆದು, ಬಾ, ಟೈಮಾಯ್ತು ಎಂದು ಅವಳ ಕೈ ಹಿಡಿದು ಎಳೆದ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೂರನೇ ಮಹಡಿಯ ಮುದುಕ ಪುಲ್ಕಿನೆನ್ ಟವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಗಡಿಯಾರ ಆರು ಹೊಡೆಯುವುದಕ್ಕೂ ಅವನು ಒಳಗೆ ಹೋಗುವುದಕ್ಕೂ ಸರಿಹೋಗುತ್ತದೆ. ಇನ್ನೊಬ್ಬರ ಸರದಿಯಲ್ಲಿ ಬಾಗಿಲು ತಟ್ಟುವವರು ಅಲ್ಲಿ ಯಾರೂ ಇಲ್ಲ. ಅಪ್ಪ ಮೇಲೆ ಹೋದ. ಗೆಳತಿ ಬರುತ್ತಾಳೆ ಎಂದು ಸುಳ್ಳು ಹೇಳಿ ಸೈಮಿ ಒದ್ದೆ ತಲೆಯಲ್ಲಿ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತಳು. ಒಳಗೆ ನೀರು ಚುಸ್ ಎಂದಾಗಲೆಲ್ಲ ಅವಳ ಹಲ್ಲು ಜುಂ ಎನ್ನುತ್ತಿತ್ತು. ಒಂದು ಗಂಟೆ ಕಳೆದು ಪುಲ್ಕಿನೆನ್ ಬೇಯಿಸಿದ ಸಿಗಡಿಯಂತೆ ಕೆಂಪಾಗಿ ಹೊರಬಂದ. ಅಂಗೈಯಲ್ಲಿ ನೀಲಿ ಪ್ಲೇಟು.

"ಇದ್ಯಾರ್ದಮ್ಮ ಹಲ್ಲು? ನನ್ನವು ನನ್ ಬಾಯಲ್ಲೇ ಇದಾವೆ," ಎಂದು ತನ್ನ ಕಟ್ಟಿಸಿದ ಹಲ್ಲುಗಳನ್ನು ಕಟಕಟ ಅನ್ನಿಸಿ ತೋರಿಸಿದ. "ಏನೋ ಒತ್ತುತ್ತೆ ಒತ್ತುತ್ತೆ ಅಂದ್ಕೊಂಡು ಒಂದು ಗಂಟೆ ಇದ್ರ ಮೇಲೇ ಕೂತಿದ್ದೆ ಕಣೇ."

ಅವಳು ಎರಡು ಬೆರಳಿನಲ್ಲಿ ತೆಗೆದುಕೊಂಡಳು. ಅದು ಬಿಸಿಯಾಗಿ, ಮೆತ್ತಗೆ, ಆಗತಾನೆ ಸತ್ತ ಯಾವುದೋ ಪ್ರಾಣಿಯ ಹಾಗಿತ್ತು. ತಣ್ಣಗಾದ ಮೇಲೆ ಮುದುಕನ ಭಾರ ಅದರಲ್ಲಿ ಹಾಗೇ ಉಳಿದಿತ್ತು. ಭಾನುವಾರ ಒತ್ತಿ ನೋಡಿದಳು, ಬಿಸಿನೀರಿನಲ್ಲಿಟ್ಟು ಬಗ್ಗಿಸಿ ನೋಡಿದಳು. ನಿನ್ನೆ ಸೋಮವಾರ, ಅಮ್ಮನ ಮನೆಯಲ್ಲಿ, ರಾತ್ರಿಯಿಡೀ ಕಚ್ಚಿ ಹಿಡಿದೇ ಮಲಗಿದಳು.

ಹೆಸರು ಕರೆದರು. ಅವರು ಕುರ್ಚಿ ಬಿಟ್ಟು ಏಳುವಾಗಲೇ ಅಪ್ಪ ಮೆಟ್ಟಿಲು ಹತ್ತಿ ಬಂದ, ಬಸ್ಸಿನ ಸಮವಸ್ತ್ರದಲ್ಲಿ, ಚಳಿಯನ್ನೂ ಡೀಸೆಲ್ಲಿನ ವಾಸನೆಯನ್ನೂ ಜೊತೆಗೆ ತಂದುಕೊಂಡು. ಅವಸರದಲ್ಲಿ ಒಂದೇ ಬೂಟಿಗೆ ನೀಲಿ ಚೀಲ ಹಾಕಿದ್ದ. ಅಮ್ಮ ಆ ಇನ್ನೊಂದು ಬೂಟನ್ನು ನೋಡಿದಳು. ಡಾಕ್ಟರು ಮರ್ಕೆಟ್ಟಾ ಎಂಬ ಗಟ್ಟಿ ದನಿಯ ಹೆಂಗಸು. ಚಪ್ಪಲಿಯೊಳಗೆ ಕೈಯಲ್ಲಿ ಹೆಣೆದ ಕೆಂಪು ಉಣ್ಣೆಯ ಕಾಲುಚೀಲ. ಸೈಮಿ ಕುರ್ಚಿಯಲ್ಲಿ ಒರಗಿದಳು. ದೀಪ ಮುಖದ ಮೇಲೆ ಬಂತು. ಬಾಯಿ ತೆಗಿ ಎಂದರು. ಅವಳು ತೆಗೆದಳು, ಪ್ಲೇಟು ಮೇಲಿನಿಂದ ಕಳಚಿ ನಾಲಿಗೆಯ ಮೇಲೆ ಬಿತ್ತು.

ಮರ್ಕೆಟ್ಟಾ ಅದನ್ನು ಎತ್ತಿ ದೀಪದಡಿ ಅತ್ತ ಇತ್ತ ತಿರುಗಿಸಿದರು. ಇದಕ್ಕೇನಾಯಿತು ಎಂದು ಕೇಳಿದರು. ಆಮೇಲೆ ಅದನ್ನು ಕಂಪ್ಯೂಟರಿನ ಪಕ್ಕದ ಕಪ್ಪು ಬಿಲ್ಲೆಯ ಮೇಲಿಟ್ಟರು. ಬಿಲ್ಲೆಯಲ್ಲಿ ಹಸಿರು ದೀಪ ಮಿಣುಕಿತು. ಪರದೆಯ ಮೇಲೆ ಗೆರೆ ಬೆಳೆಯತೊಡಗಿತು. ಸೈಮಿ ತಲೆ ತಿರುಗಿಸದೆ ಕಣ್ಣಿನ ಕೊನೆಯಿಂದ ನೋಡಿದಳು. ಗೆರೆ ಏಳು ದಿನ ಮೇಲೆ ನಡೆದು, ಏಳು ದಿನ ಕೆಳಗೆ ನಡೆದು, ಮತ್ತೆ ಮೇಲೆ, ಮತ್ತೆ ಕೆಳಗೆ, ಕೋಟೆಯ ಗೋಡೆಯ ತೆನೆಗಳ ಹಾಗೆ ಎಡದಿಂದ ಬಲಕ್ಕೆ ಬಂತು. ಅಷ್ಟು ಅಚ್ಚುಕಟ್ಟಾಗಿ ಇರುತ್ತದೆಂದು ಅವಳು ಎಣಿಸಿರಲಿಲ್ಲ. ಗೀಚಿದ ಹಾಗಿರುತ್ತದೆ, ದೊಡ್ಡವರಿಗೂ ಬೇಗ ಅರ್ಥವಾಗುವುದಿಲ್ಲ ಎಂದುಕೊಂಡಿದ್ದಳು. ಕೊನೆಯಲ್ಲಿ ಗೆರೆ ಒಮ್ಮೆಲೇ ನೆಟ್ಟಗೆ ಎದ್ದು ಪರದೆಯ ಮೇಲಂಚನ್ನು ದಾಟಿ ಹೋಯಿತು.

"ಶನಿವಾರ ಸಂಜೆ ಐದು ಗಂಟೆ," ಎಂದು ಮರ್ಕೆಟ್ಟಾ ಓದಿದರು. ಕನ್ನಡಕ ಹಣೆಗೇರಿಸಿದರು. "ಯಾರಪ್ಪಾ ಇದನ್ನ ಸೌನಾಗೆ ಕರ್ಕೊಂಡು ಹೋಗಿದ್ದು? ಬೆನ್ನು ಉಜ್ಜಿದ್ರಾ ಇದಕ್ಕೆ?"

ಅಪ್ಪ ತೊಡೆ ತಟ್ಟಿಕೊಂಡು ನಕ್ಕ. ಅಮ್ಮನಿಗೂ ನಗು ಬಂತು. ಅವಳು ನಕ್ಕರೆ ಮೇಲಿನ ಒಸಡು ಕಾಣುತ್ತದೆ ಎನ್ನುವುದು ಸೈಮಿಗೆ ಮರೆತೇ ಹೋಗಿತ್ತು. ಅಪ್ಪ ಅಮ್ಮ ಒಂದೇ ಕೋಣೆಯಲ್ಲಿ ನಗುತ್ತಿದ್ದರು, ಇಬ್ಬರ ನಗು ಒಂದರ ಮೇಲೊಂದು ಬೀಳುತ್ತಿತ್ತು. ಅದು ಎರಡು ವರ್ಷದಿಂದ ಆಗದ ಸಂಗತಿ. ಹೀಗೇ ಇದು ಮುಗಿದುಬಿಡಬಹುದೇನೋ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಆಗ ಅಮ್ಮ ನಗು ನಿಲ್ಲಿಸಿದಳು. ಎದ್ದು ಪರದೆಯ ಹತ್ತಿರ ಹೋದಳು. ಕೊಳವೆಗಳ ಸಾಲಿನ ಮೇಲೆ ಓಡುವ ಆ ಒರಟು ಬೆರಳು ಗೆರೆಯ ಒಂದು ತಗ್ಗಿನ ಮೇಲೆ ನಿಂತಿತು, ಪಕ್ಕದ ತಗ್ಗಿಗೆ ಹೋಯಿತು, ಅದರ ಪಕ್ಕದ್ದಕ್ಕೆ.

"ಇದು ನಿನ್ ವಾರ," ಎಂದಳು, ತಿರುಗದೆಯೇ. "ಇದೂ. ಇದೂ."

ಅಪ್ಪ ಚೀಲವಿಲ್ಲದ ತನ್ನ ಬೂಟನ್ನು ನೋಡಿದ. ಅದರ ಸುತ್ತ ಹಿಮ ಕರಗಿ ಸಣ್ಣ ಕೆಸರು ಕಟ್ಟಿತ್ತು. ಆಮೇಲೆ ತಲೆಯೆತ್ತಿ, "ನಾನೇ ತೆಗೆದಿಡು ಅಂದಿದ್ದೆ," ಎಂದ.

ಬೇಳೆ ಬರೆದುಕೊಳ್ಳದ್ದನ್ನು ಅವನೇ ಹೇಳಿಬಿಟ್ಟ. ಆದರೆ ಅಮ್ಮ ಇನ್ನೂ ಪರದೆಯನ್ನೇ ನೋಡುತ್ತಿದ್ದಾಗ ಅವನು ಸೈಮಿಯತ್ತ ಎಡಗಣ್ಣು ಮಿಟುಕಿಸಿದ. ಇಸ್ಪೀಟಿನಲ್ಲಿ ಎಲೆ ಕದ್ದು ಬದಲಿಸುವಾಗ ಮಿಟುಕಿಸುವ ಹಾಗೆ. ಅವಳು ಆ ಕಣ್ಣನ್ನೇ ನೋಡಿದಳು. ಅವನಿಗೆ ನೆನಪಿರಲಿಲ್ಲ. ಸಾಸಿವೆ, ಹಂಸ, ತಲೆಗೂದಲು, ಯಾವುದೂ ಇರಲಿಲ್ಲ. ಮಗಳನ್ನು ಉಳಿಸಲು ಒಂದು ಒಳ್ಳೆಯ ಸುಳ್ಳು ಹೇಳಿದೆ ಎಂದೇ ಅವನು ತಿಳಿದಿದ್ದ.

ಹಳೆಯದು ಕೆಟ್ಟಿತು, ಹೇಗೂ ಹೊಸ ಅಚ್ಚು ತೆಗೆಯಬೇಕು ಎಂದು ಮರ್ಕೆಟ್ಟಾ ನಡುವೆ ಬಂದರು. ಬಟ್ಟಲಿನಲ್ಲಿ ಗುಲಾಬಿ ಬಣ್ಣದ ಹಿಟ್ಟು ಕಲಸಿ, ಕುದುರೆ ಲಾಳದಂಥ ಅಚ್ಚಿಗೆ ತುಂಬಿ, ಅವಳ ಬಾಯೊಳಗೆ ಒತ್ತಿದರು. ಎರಡು ನಿಮಿಷ, ಮೂಗಿನಲ್ಲಿ ಉಸಿರಾಡು, ನಾಲಿಗೆ ಅಲುಗಿಸಬೇಡ ಎಂದರು. ಪುದೀನದ ವಾಸನೆಯ ತಣ್ಣನೆಯ ಮುದ್ದೆ ಅಂಗುಳಿನ ಉದ್ದಕ್ಕೂ ಹರಿದು ಗಂಟಲಿನ ಬಾಯಿಗೆ ಬಂದು ನಿಂತಿತು. ಇನ್ನೊಂದು ಬೆರಳಷ್ಟು ಒಳಗೆ ಬಂದರೆ ತಾನು ಸಾಯುತ್ತೇನೆ. ಮೂಗಿನಲ್ಲಿ ಗಾಳಿ ಇದೆಯೋ ಇಲ್ಲವೋ. ಜೊಲ್ಲು ತುಟಿಯ ಕೊನೆಯಿಂದ ಇಳಿದು ಕಿವಿಯ ಹಿಂದೆ ಹೋಯಿತು. ದೀಪದ ಆಚೆ, ಕಾಣದ ಕಡೆ, ಅಮ್ಮ ತಗ್ಗಿದ ದನಿಯಲ್ಲಿ ಮಾತಾಡತೊಡಗಿದಳು. ಲ್ಯಾಬಿನಲ್ಲಿ ಕೆಟ್ಟ ಫಲಿತಾಂಶ ಓದುವಾಗ ಅವಳ ದನಿ ಹೀಗೇ ಇರಬಹುದು.

"ಸಾಕು ಯೌಕೊ. ನಾನೇನೂ ಜಗಳ ಆಡ್ತಿಲ್ಲ. ಇನ್ಮೇಲೆ ನನ್ ಹತ್ರಾನೇ ಇರ್ಲಿ. ಭಾನುವಾರ ಬರ್ತಾಳೆ."

ಅಪ್ಪ ವಾದಿಸುತ್ತಾನೆ ಎಂದು ಸೈಮಿ ಕಾದಳು. ಅವನ ಸಮವಸ್ತ್ರದ ಜಿಪ್ಪು ಮೇಲೆ ಹೋಗಿ ಕೆಳಗೆ ಬಂದ ಸದ್ದು ಕೇಳಿಸಿತು.

"ಸರಿ," ಎಂದ. "ಹಲ್ಲಿನ್ ವಿಷ್ಯ. ನಂಗೇನ್ ಗೊತ್ತಾಗುತ್ತೆ."

ಅಷ್ಟು ಬೇಗ. ಬಸ್ಸಿನ ಬಾಗಿಲು ಮುಚ್ಚಿದ ಹಾಗೆ, ನಿಲ್ದಾಣದಲ್ಲಿ ಓಡಿ ಬರುತ್ತಿರುವವರು ಕನ್ನಡಿಯಲ್ಲಿ ಕಂಡರೂ ಹೊರಟುಬಿಡುವ ಹಾಗೆ. ಸೈಮಿ ಬೇಡ ಎಂದಳು. ಬಾಯಿ ತುಂಬಿದ ಮುದ್ದೆಯೊಳಗೆ ನಾಲಿಗೆ ಮೇಲೆದ್ದಿತು, ಒತ್ತಿತು, ಬಿದ್ದಿತು, ಮತ್ತೆ ಎದ್ದಿತು. ಹೊರಗೆ ಬಂದದ್ದು ಕರುವಿನ ಕೂಗಿನಂಥ ಒಂದು ಸದ್ದು. ಅವಳ ಕೈಗಳು ಕುರ್ಚಿಯ ತೋಳನ್ನು ಹೊಡೆಯುತ್ತಿದ್ದವು. ಮರ್ಕೆಟ್ಟಾ ಅವಳ ಹಣೆ ಹಿಡಿದು, ಆಯ್ತು ಪುಟ್ಟಿ ಆಯ್ತು ಎನ್ನುತ್ತ ಅಚ್ಚನ್ನು ಕಿತ್ತರು. ಪೊಚ್ ಎಂದು ಹೊರಬಂತು. ಬೆಳಕಿಗೆ ಹಿಡಿದು, ಹಲ್ಲುಗಳ ಗುರುತಿನ ನಡುವೆ ನಾಲಿಗೆ ಉತ್ತು ಹೋದ ಸಾಲನ್ನು ತೋರಿಸಿ, ಇದು ಉಪಯೋಗಕ್ಕೆ ಬರುವುದಿಲ್ಲ, ಇನ್ನೊಂದು ಸಲ ಎಂದರು.

"ಏನ್ ಹೇಳೋಕ್ ಹೊರಟಿದ್ದೆ?" ಎಂದು ಅಮ್ಮ ಕೇಳಿದಳು.

ಮೂವರೂ ಅವಳನ್ನು ನೋಡುತ್ತಿದ್ದರು. ತುಟಿಯ ಮೇಲೆ ಗುಲಾಬಿ ಹಿಟ್ಟು ಒಣಗುತ್ತಿತ್ತು. ಬಾಯೊಳಗೆ ಏನೂ ಇರಲಿಲ್ಲ, ಪ್ಲೇಟಿಲ್ಲ, ಮುದ್ದೆಯಿಲ್ಲ. ಬಿಲ್ಲೆಯ ಹಸಿರು ದೀಪ ಮಾತ್ರ ಇನ್ನೂ ಮಿಣುಕುತ್ತಿತ್ತು.

"ಅಪ್ಪ ಹಂಗೆ ಹೇಳ್ಲಿಲ್ಲ. ಅಪ್ಪ ದಿನಾ ಹಾಕ್ಕೋ ಅಂತಿದ್ದ. ನಾನೇ ಹಾಕ್ಕೊಂಡಿದೀನಿ ಅಂತ ಸುಳ್ಳು ಹೇಳ್ತಿದ್ದೆ."

ಒಂದೊಂದು ಅಕ್ಷರವೂ ಗಾಜಿನ ಹಾಗೆ ಸ್ಪಷ್ಟವಾಗಿ ಬಂತು. ಹೇಳಿ ಮುಗಿಸಿ ಅವಳು ಬಿಲ್ಲೆಯತ್ತ ನೋಡಿದಳು. ಈಗ ಪರದೆಯ ಮೇಲೆ ಇನ್ನೊಂದು ಗೆರೆ ಏಳಬಹುದು, ಆಗಸ್ಟಿನ ಒಂದು ಸೋಮವಾರದ ಮಾತು ಅದರಲ್ಲಿ ಇರಬಹುದು. ಏನೂ ಏಳಲಿಲ್ಲ. ಅದಕ್ಕೆ ಶಾಖ ಮಾತ್ರ ಗೊತ್ತಿತ್ತು. ಅಮ್ಮನ ಮುಖ ಮೊದಲು ಸೈಮಿಯ ಕಡೆ, ಆಮೇಲೆ ಅಪ್ಪನ ಕಡೆ ತಿರುಗಿತು. ಅಪ್ಪನ ಕಡೆ ತಿರುಗಿದಾಗ ಅದರಲ್ಲಿ ನಾಚಿಕೆಯಂಥದ್ದೇನೋ ಇತ್ತು. ಅವಳನ್ನ ಉಳಿಸೋಕೆ ಅಂತ ಸುಳ್ಳು ಹೇಳಿದೆಯಾ ಎಂದು ಕೇಳಿದಳು. ಅಪ್ಪ ಹೆಗಲು ಕುಣಿಸಿದ. ಅವನಿಗೆ ಸಂತೋಷವಾಗಿರುವುದು ಕಾಣುತ್ತಿತ್ತು. ಅಮ್ಮ ಕೂತಳು. ವಾರಗಳು ಸದ್ಯಕ್ಕೆ ಹೀಗೇ ಇರಲಿ ಎಂದಳು, ಏಪ್ರಿಲಿನಲ್ಲಿ ಮತ್ತೆ ಬಿಲ್ಲೆಯ ಮೇಲಿಟ್ಟು ನೋಡೋಣ, ಆಗಲೂ ಇದೇ ಇದ್ದರೆ. ಇದ್ದರೆ ಏನೆಂದು ಹೇಳಲಿಲ್ಲ. ಆಮೇಲೆ, "ನನ್ ಹತ್ರ ಆದ್ರೆ ಸರಿ," ಎಂದಳು ಸೈಮಿಗೆ, ಮೆಲ್ಲಗೆ. "ಪಾಪ, ಅವ್ನ ಹತ್ರಾನೂ ಸುಳ್ಳು ಹೇಳೋದಾ?"

ಎರಡನೆಯ ಅಚ್ಚಿಗೆ ಸೈಮಿ ಹೇಳುವ ಮೊದಲೇ ಬಾಯಿ ತೆರೆದಳು. ಮುದ್ದೆ ಗಂಟಲ ತನಕ ಬಂತು. ನಾಲಿಗೆ ಕಲ್ಲಿನ ಹಾಗೆ ಬಿದ್ದುಕೊಂಡಿತ್ತು. ಎರಡು ನಿಮಿಷದ ಮೇಲೂ ಅದನ್ನು ಅಲುಗಿಸಬಹುದೆಂದು ಅವಳಿಗೆ ನೆನಪಾಗಲಿಲ್ಲ. ತುಂಬ ಚೆನ್ನಾಗಿ ಬಂದಿದೆ, ಇಷ್ಟು ಒಳ್ಳೆಯ ಅಚ್ಚು ಈ ವಾರ ಯಾರೂ ಕೊಟ್ಟಿಲ್ಲ ಎಂದು ಮರ್ಕೆಟ್ಟಾ ಹೊಗಳಿದರು. ಹೊಸ ಪ್ಲೇಟು ಬರುವುದಕ್ಕೆ ಎರಡು ವಾರ, ಅದರಲ್ಲಿ ಹೊಸ ಬೇಳೆ ಇರುತ್ತದೆ. ಬಣ್ಣ ಯಾವುದು ಬೇಕೆಂದು ಕೇಳಿದರು. ಅವಳು ಯಾವುದಾದರೂ ಎಂದಳು.

ಅಮ್ಮ ಲ್ಯಾಬಿಗೆ ವಾಪಸಾದಳು. ಅಪ್ಪನ ಬಸ್ಸು ಹೊರಡಲು ಹತ್ತು ನಿಮಿಷವಿತ್ತು, ಶಾಲೆಯ ತಿರುವಿನ ತನಕ ಜೊತೆಗೆ ನಡೆದ. ರಸ್ತೆಯ ಎರಡೂ ಬದಿಗೆ ಗುಡ್ಡೆ ಹಾಕಿದ ಹಿಮ ಅವಳ ಭುಜದ ಎತ್ತರಕ್ಕಿತ್ತು. ಬೂಟಿನ ನೀಲಿ ಚೀಲ ಅವನು ಇನ್ನೂ ತೆಗೆದಿರಲಿಲ್ಲ.

"ನನ್ ಸುಳ್ಳು ಹೆಂಗಿತ್ತು?" ಎಂದ. "ಚೆನ್ನಾಗೇ ನಡೀತಿತ್ತು, ನೀನು ಕೆಡಿಸ್ಬಿಟ್ಟೆ."

"ಚೆನ್ನಾಗಿತ್ತಪ್ಪ," ಎಂದಳು ಸೈಮಿ. "ಸೋಮವಾರ ಸಂಜೆ ಬರ್ತೀನಿ."

ಅವನು ನಿಂತು ಅವಳ ಟೋಪಿಯನ್ನು ಹಿಂದೆ ಸರಿಸಿ ಕೂದಲು ಕೆದರಿದ. "ಎಷ್ಟ್ ಸ್ಪಷ್ಟವಾಗಿ ಮಾತಾಡ್ತೀಯ, ನೋಡು. ಈಗ ನನ್ ಮಗಳು ವಾಪಸ್ ಬಂದ್ಲು," ಎಂದು ಬಸ್ಸಿನ ಕಡೆ ಓಡಿದ, ಒಂದು ಕಾಲು ಸರಸರ ಎನ್ನುತ್ತ.

ಅವಳು ಶಾಲೆಯ ಕಡೆ ನಡೆದಳು. ಸೋಮವಾರ ಶುರುವಾಗುವುದು ಪ್ಲೇಟಿಲ್ಲದ ವಾರ, ಅದು ದಾಟುತ್ತದೆ. ಅದರಾಚೆಯ ಅಪ್ಪನ ವಾರದಲ್ಲಿ ಹೊಸ ಬೇಳೆ ಬಾಯಲ್ಲಿರುತ್ತದೆ, ದಿನಕ್ಕೆ ಹದಿನೈದು ಗಂಟೆ. ಅವನು ನಗದ ಹಾಗೆ 'ಸ' ಬಾರದ ಮಾತುಗಳನ್ನೇ ಆಡಬೇಕು. ಚಳಿಗೆ ತುಟಿ ಬಿಗಿದುಕೊಂಡು ಅವಳು ಹುಡುಕುತ್ತ ಹೋದಳು. ಬ್ರೆಡ್ಡು ಇದೆ, ಬೆಣ್ಣೆ ಇದೆ, ಹಾಲು, ಮೀನು, ಹಿಮ, ಬೇಡ, ಬೇಕು. ಅಷ್ಟಿದ್ದರೆ ಒಂದು ವಾರ ಬದುಕಬಹುದು. ಅಪ್ಪನ ಮನೆಗೆ ಫೋನು ಬಂದಾಗ ಮಾತ್ರ, ಯಾರು ಮಾತಾಡೋದು ಎಂದು ಯಾರಾದರೂ ಕೇಳಿದರೆ, ತನ್ನ ಹೆಸರು ಹೇಳದೆ ಅಪ್ಪನ ಕೈಗೆ ಕೊಟ್ಟುಬಿಡಬೇಕು.